ಕ್ರಮೇಶ್ವರಿಯ ಎಪ್ಪತ್ತಾರು ಹಂತಗಳು

“ಇವತ್ತಿನಿಂದ ವಿಜ್ಞಾನದಲ್ಲಿ ತಪ್ಪು ಅನ್ನೋದೇ ಇಲ್ಲ! ಮುಗೀತು ತಪ್ಪಿನ ಕಾಲ!” ಎಂದು ಘೋಷಿಸಿ, ಡಾಕ್ಟರ್ ತ್ರಿಲೋಚನಪ್ಪನವರು ಮೇಜಿನ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದರು. ಬೆಡ್‌ಶೀಟು ಎಲ್ಲೋ ಸಿಕ್ಕಿಕೊಂಡು ಅರ್ಧಕ್ಕೇ ನಿಂತಿತು. ಇನ್ನೊಂದು ಸಲ ಎಳೆದರು. ಪರ್ ಎಂದು ಹರಿಯಿತು.

“ಮನೆಯವಳಿಗೆ ಹೇಳ್ಬೇಡಿ,” ಎಂದು ತಗ್ಗಿದ ದನಿಯಲ್ಲಿ ಹೇಳಿ, ಮತ್ತೆ ದನಿ ಎತ್ತಿ, “ಇವಳೇ ನೋಡಿ ಕ್ರಮೇಶ್ವರಿ!” ಎಂದರು.

ಹೊನ್ನಗುಂಡಿಯ ಹೈನು ಸಂಶೋಧನಾ ಕೇಂದ್ರದಲ್ಲಿ ಆ ಸೋಮವಾರ ಬೆಳಿಗ್ಗೆ ಈ ಘೋಷಣೆ ಕೇಳಲು ಇದ್ದವರು ಇಬ್ಬರೇ. ಒಬ್ಬಳು ಕಾತ್ಯಾಯಿನಿ, ನಲವತ್ತೊಂದು ವರ್ಷದವಳು, ತ್ರಿಲೋಚನಪ್ಪನವರ ಕೈಕೆಳಗೆ ಒಂಬತ್ತು ವರ್ಷದಿಂದ ಮೊಸರಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು. ಇನ್ನೊಬ್ಬಳು ಪಾತ್ರೆ, ಸೀಸೆ ತೊಳೆಯುವ ತಿಪ್ಪಮ್ಮ. ಹೆಸರು ಕಿವಿಗೆ ಬಿದ್ದದ್ದೇ ತಡ, ತಿಪ್ಪಮ್ಮ ಸೆರಗನ್ನು ತಲೆಗೆಳೆದುಕೊಂಡು ಕೈ ಮುಗಿದಳು.

“ಯಾವ ಸೀಮೆ ದೇವ್ರು ಸಾ ಇದು? ಕೋಳಿ ಕೇಳ್ತದಾ, ಬರೀ ಕಾಯಿ ಸಾಕಾ?”

“ದೇವರಲ್ಲ ಕಣೇ, ಯಂತ್ರ! ಪ್ರಮಾಣಿತ ವಿಧಾನದ ಯಂತ್ರ!”

ನೋಡಿದರೆ ಎರಡೂ ಅಲ್ಲ ಎನ್ನಿಸುವಂತಿತ್ತು. ಕೆಳಗೆ ಅವರ ಅತ್ತಿಗೆಯ ಹಳೇ ಹೊಲಿಗೆ ಮಿಷನ್ನು, ಮೇಲೆ ಮೂರು ಕ್ಯಾಮೆರಾ, ಬಸ್‌ಸ್ಟ್ಯಾಂಡಿನಲ್ಲಿ ಕೂಗುವಂಥ ಒಂದು ಸ್ಪೀಕರು, ಪಕ್ಕದಲ್ಲಿ ಚೀಟಿ ಉಗುಳುವ ಪ್ರಿಂಟರು. ನಡುಹೊಟ್ಟೆಯಿಂದ ಎರಡು ವೈರಿನ ಗೊಂಚಲು ಹೊರಬಂದು, ತುದಿಯಲ್ಲಿ ಉಣ್ಣೆಯ ಎರಡು ಕೈಗವಸು ಜೋತುಬಿದ್ದಿದ್ದವು. ಬೆರಳ ತುದಿಗಳನ್ನು ಕತ್ತರಿಸಿ ತೆಗೆದಿದ್ದರು.

“ಸ್ಪರ್ಶಜ್ಞಾನ ಬೇಕಲ್ಲ, ಅದಕ್ಕೆ,” ಎಂದರು ತ್ರಿಲೋಚನಪ್ಪ. “ಈಗ ಕೇಳು ಕಾತ್ಯಾಯಿನಿ. ಒಂದೇ ಪ್ರಯೋಗ ನೀನು ಮಾಡಿದರೆ ಒಂದು ಫಲಿತಾಂಶ, ಧಾರವಾಡದವರು ಮಾಡಿದರೆ ಇನ್ನೊಂದು ಫಲಿತಾಂಶ. ಯಾಕೆ? ನೀನು ಹೇಗೆ ಮಾಡಿದೆಯೋ ಹಾಗೆ ಅವರು ಮಾಡಲ್ಲ! ಬರೆದಿದ್ದು ಓದ್ತಾರೆ, ತಮಗೆ ತೋಚಿದ್ದು ಮಾಡ್ತಾರೆ. ಇನ್ನು ಆ ಆಟ ನಡೆಯಲ್ಲ. ನೀನು ಒಂದು ಸಲ ಈ ಕೈಗವಸು ಹಾಕ್ಕೊಂಡು ಮೊಸರು ಮಾಡು. ಕ್ರಮೇಶ್ವರಿ ಎಲ್ಲಾ ನೋಡಿ, ಕೇಳಿ, ಹಂತ ಹಂತವಾಗಿ ಬರೆದುಕೊಳ್ತಾಳೆ. ಆಮೇಲೆ ಯಾರ ಕೈಗೆ ತೊಡಿಸಿದರೂ ಅವರ ಕೈಯನ್ನು ಹಿಡಿದು ಹಾಗೇ ಮಾಡಿಸ್ತಾಳೆ. ಒಂದು ಕೂದಲೆಳೆ ಆಚೆ ಈಚೆ ಹೋಗುವ ಹಾಗಿಲ್ಲ!”

“ಮಧ್ಯದಲ್ಲಿ ತಪ್ಪಿದರೆ?”

“ಮೊದಲಿಂದ ಮಾಡಿಸ್ತಾಳೆ.”

“ಸಾಕಪ್ಪಾ, ಬಿಚ್ಚಿ ಅಂದರೆ?”

“ಬಿಚ್ಚಲ್ಲ! ಪೂರ್ತಿ ಆಗಿ ‘ಸರಿ’ ಅಂದ ಮೇಲೇ ಬೀಗ ತೆಗೆಯೋದು. ಅರ್ಧಂಬರ್ಧ ಪ್ರಯೋಗ ಮಾಡಿದವರಿಂದಲೇ ದೇಶ ಹಾಳಾಗಿದ್ದು!”

ಬೇಡ ಎನ್ನುವ ಸ್ಥಿತಿಯಲ್ಲಿ ಕಾತ್ಯಾಯಿನಿ ಇರಲಿಲ್ಲ. ಅವಳ ನೋಂದಣಿಯ ಅವಧಿ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಎರಡು ಸಲ ವಿಸ್ತರಣೆ ಕೊಟ್ಟಾಗಿತ್ತು, ಮೂರನೆಯದು ಇಲ್ಲ ಎಂದು ವಿಶ್ವವಿದ್ಯಾಲಯ ಕೆಂಪು ಶಾಯಿಯಲ್ಲೇ ಬರೆದಿತ್ತು. ಗುರುವಾರ ಧಾರವಾಡದಿಂದ ಪರೀಕ್ಷಕರು ಬರುತ್ತಾರೆ, ಅವಳ ಪ್ರಬಂಧದಲ್ಲಿ ಹೇಳಿದಂತೆ ತಮ್ಮ ಕೈಯಾರೆ ಮೊಸರು ಮಾಡಿ ನೋಡುತ್ತಾರೆ. ಹೆಪ್ಪುಗಟ್ಟಿದರೆ ಡಾಕ್ಟರ್ ಕಾತ್ಯಾಯಿನಿ. ಹಾಲು ಹಾಲಾಗೇ ಉಳಿದರೆ ಒಂಬತ್ತು ವರ್ಷ ನೀರುಪಾಲು.

ಪ್ರಬಂಧದ ಸಾರಾಂಶ ತೀರಾ ಸರಳ. ಅವಳು ಕಂಡುಹಿಡಿದ ಏಳನೇ ನಂಬರಿನ ಹೆಪ್ಪಿನ ಪುಡಿಯನ್ನು ನಲವತ್ತೆರಡು ಡಿಗ್ರಿಯ ಹಾಲಿಗೆ ಒಂದು ಚಿಟಿಕೆ ಹಾಕಿದರೆ, ಯಾವ ಊರಿನಲ್ಲಾಗಲಿ, ಯಾರ ಕೈಯಲ್ಲಾಗಲಿ, ನಾಲ್ಕು ಗಂಟೆಯಲ್ಲಿ ಬಟ್ಟಲು ಬೋರಲು ಹಾಕಿದರೂ ಬೀಳದಂಥ ಮೊಸರು ಆಗುತ್ತದೆ. ಯಾರ ಕೈಯಲ್ಲಾಗಲಿ! ಆ ಎರಡು ಪದಗಳ ಮೇಲೆಯೇ ಇನ್ನೂರ ಹನ್ನೆರಡು ಪುಟ ನಿಂತಿತ್ತು.

ಅವಳು ಕೈಗವಸು ತೊಟ್ಟು ಕೆಲಸ ಶುರುಮಾಡಿದಳು. ಮೊದಲ ಐದು ನಿಮಿಷ ಸಿನಿಮಾದಲ್ಲಿ ನಟಿಸುವವಳಂತೆ ನೆಟ್ಟಗಿದ್ದಳು. ಆಮೇಲೆ ಮರೆತೇಬಿಟ್ಟಳು. ಒಂಬತ್ತು ವರ್ಷ ಮಾಡಿದ ಕೆಲಸಕ್ಕೆ ಕೈಗೆ ತಲೆಯ ಅಪ್ಪಣೆ ಬೇಕೇ? ಮಧ್ಯಾಹ್ನ ಮೊಸರು ಹೆಪ್ಪುಗಟ್ಟಿತು. ಕ್ರಮೇಶ್ವರಿ “ಸರಿ” ಎಂದು ಕೈಗವಸು ಬಿಚ್ಚಿ, ಕಟಕಟ ಎಂದು ಎರಡು ಮೊಳ ಉದ್ದದ ಚೀಟಿ ಉಗುಳಿತು. ಕಾತ್ಯಾಯಿನಿ ಓದುತ್ತಾ ಹೋದಳು.

“ಹಂತ ಒಂಬತ್ತು: ಸೆರಗನ್ನು ಎಡಸೊಂಟಕ್ಕೆ ಸಿಕ್ಕಿಸುವುದು. ಹಂತ ಹದಿನೇಳು: ‘ತಿಪ್ಪಮ್ಮಾ, ಈ ಪಾತ್ರೆ ತೊಳ್ದಿದ್ದೋ, ನೀರು ತೋರ್ಸಿದ್ದೋ?’ ಎಂದು ಕೇಳುವುದು. ಪೂರಕ ಸಿಬ್ಬಂದಿಯ ಉತ್ತರ: ‘ನಿಮ್ ಕಣ್ಣಿಗೆ ಹೂ ಬಿದ್ದೈತೇನೋ, ಹೋಗಿ ತೋರಿಸ್ಕಳಿ!’ ಹಂತ ಇಪ್ಪತ್ತಮೂರು: ಕತ್ತಿನ ಮೇಲಿನ ಸೊಳ್ಳೆ ಹೊಡೆಯುವುದು. ಹಂತ ಮೂವತ್ತೊಂದು: ಅತ್ತೆಗೆ ಫೋನ್ ಮಾಡಿ ‘ಅತ್ತೆ, ಕುಕ್ಕರ್ ಮೂರು ಕೂಗಿದ ಮೇಲೆ ಆರಿಸಿ’ ಎನ್ನುವುದು... ಸಾರ್! ಏನಿದು ಸಾರ್?”

“ಸಂಪೂರ್ಣ!” ಎಂದು ತ್ರಿಲೋಚನಪ್ಪ ಹಿಗ್ಗಿದರು. “ಒಂದೇ ಒಂದು ಅಂಶ ಬಿಟ್ಟಿಲ್ಲ!”

“ಸೊಳ್ಳೆ ಹೊಡೆಯೋದಕ್ಕೂ ಮೊಸರಿಗೂ ಏನು ಸಂಬಂಧ?”

“ನಿನಗೆ ಗೊತ್ತಾ ಸಂಬಂಧ ಇಲ್ಲ ಅಂತ? ಪ್ರಯೋಗ ಮಾಡಿ ನೋಡಿದೀಯಾ? ಇಲ್ಲ ತಾನೆ! ಬೇಕಾದ್ದು ಯಾವುದು, ಬೇಡದ್ದು ಯಾವುದು ಅಂತ ನಾವು ನಾವೇ ತೀರ್ಮಾನ ಮಾಡಿದರೆ ಅದಕ್ಕೆ ಪೂರ್ವಗ್ರಹ ಅಂತಾರೆ.”

ತಿಪ್ಪಮ್ಮ ಇಣುಕಿ, “ನಾನು ಬೈದಿದ್ದನ್ನೂ ಬರ್ಕಂಡೈತಾ? ಎಲಾ ಇದ್ರ!” ಎಂದು ಬೆರಗಾದಳು.

ಕಾತ್ಯಾಯಿನಿಯ ಕಣ್ಣು ಅಷ್ಟು ಹೊತ್ತಿಗೆ ಕೆಳಗಿನ ಇನ್ನೊಂದು ಸಾಲಿಗೆ ಅಂಟಿಕೊಂಡಿತ್ತು. ಹಂತ ನಲವತ್ತೆರಡು: ಥರ್ಮಾಮೀಟರ್ ಇಟ್ಟು ನೋಡುವುದು. ಹಂತ ನಲವತ್ತಮೂರು: ಎಡಗೈ ಕಿರುಬೆರಳನ್ನು ಮೊದಲ ಗೆಣ್ಣಿನವರೆಗೆ ಹಾಲಿಗೆ ಅದ್ದಿ ಬಿಸಿ ನೋಡುವುದು, ಒಂದೂವರೆ ಸೆಕೆಂಡು.

ನಮ್ಮ ಕಡೆ ಹೆಪ್ಪು ಹಾಕುವ ಯಾವ ಹೆಂಗಸು ಬೆರಳು ಅದ್ದದೆ ಹಾಕುತ್ತಾಳೆ ಹೇಳಿ? ಥರ್ಮಾಮೀಟರ್ ಏನೇ ಹೇಳಲಿ, ಬೆರಳು ಹೂಂ ಎನ್ನಬೇಕು. ಆದರೆ ಪ್ರಬಂಧದಲ್ಲಿ ಆ ಬೆರಳಿನ ಸುದ್ದಿಯೇ ಇರಲಿಲ್ಲ. ಮರೆತು ಬಿಟ್ಟದ್ದೂ ಅಲ್ಲ. ಮೂರು ವರ್ಷದ ಹಿಂದೆ ಈಳಿಗೆಮಣೆಯಲ್ಲಿ ಆ ಬೆರಳು ಕುಯ್ದುಕೊಂಡು ಹತ್ತು ದಿನ ಪಟ್ಟಿ ಕಟ್ಟಿದ್ದಳು. ಆ ಹತ್ತು ದಿನವೂ ಏಳನೇ ನಂಬರಿನ ಪುಡಿ ಒಂದು ಸೌಟು ಮೊಸರನ್ನೂ ಮಾಡಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಅವಳು “ವಿದ್ಯುತ್ ವ್ಯತ್ಯಯ” ಎಂದು ಬರೆದು ಕೈತೊಳೆದುಕೊಂಡಿದ್ದಳು. ಅವತ್ತಿನಿಂದ ಒಂದು ಅನುಮಾನ ಅವಳ ಹೊಟ್ಟೆಯಲ್ಲಿ ಕೂತಿತ್ತು: ಹಾಲನ್ನು ಮೊಸರು ಮಾಡುತ್ತಿರುವುದು ಪುಡಿಯಲ್ಲ, ಬೆರಳು!

“ಸಾರ್, ಈ ನಲವತ್ತಮೂರು ಒಂದನ್ನ... ಚೆನ್ನಾಗಿ ಕಾಣಲ್ಲ, ತೆಗೆದುಬಿಡೋಣ.”

“ಎಪ್ಪತ್ತಾರೂ ಇರಬೇಕು. ಅಳಿಸುವ ಗುಂಡಿಯನ್ನೇ ನಾನು ಇಟ್ಟಿಲ್ಲ!” ಎಂದು ತ್ರಿಲೋಚನಪ್ಪನವರು ಅಭಿಮಾನದಿಂದ ಯಂತ್ರದ ಬೆನ್ನು ತಟ್ಟಿದರು.

*

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಪ್ರೊಫೆಸರ್ ಹಯಗ್ರೀವ ಕಟ್ಟಿಯವರು ಬಂದಿಳಿದರು. ಕೋಟು, ಟೈ, ಜೇಬಿನಲ್ಲಿ ನಶ್ಯದ ಡಬ್ಬಿ, ಹಣೆಯ ಮೇಲೆ ಮೂರು ಗಂಟು. ಹನ್ನೊಂದು ಪ್ರಬಂಧಗಳನ್ನು ತಿರಸ್ಕರಿಸಿದವರು ಎಂದು ಅವರ ಖ್ಯಾತಿ ಅವರಿಗಿಂತ ಒಂದು ದಿನ ಮೊದಲೇ ಬಂದು ಕೂತಿತ್ತು.

“ಐದಕ್ಕ ನನ್ನ ರೈಲು ಅದ. ಲಗೂನ ಸುರು ಮಾಡೋಣು,” ಎಂದರು ಕಟ್ಟಿ. “ನನ್ನ ಕೈಲೆ ನಾ ಮಾಡತೇನಿ. ನೀವು ಯಾರೂ ನಡುವ ಬಾಯಿ ಹಾಕಬ್ಯಾಡ್ರಿ.”

“ನಿಮ್ಮ ಕೈಲೇ ಸಾರ್, ನಿಮ್ಮ ಕೈಲೇ!” ಎನ್ನುತ್ತಾ ತ್ರಿಲೋಚನಪ್ಪ ಅವರ ಎರಡು ಕೈಗೂ ಗವಸು ತೊಡಿಸಿ ಬಕಲ್ ಹಾಕಿ ಗುಂಡಿ ಒತ್ತಿಯೇಬಿಟ್ಟರು. ಕಟಕ್ ಎಂದು ಬೀಗ ಬಿತ್ತು.

ಒಂದರಿಂದ ಎಂಟರವರೆಗೆ ಎಲ್ಲಾ ಸಾಂಗವಾಗಿ ನಡೆಯಿತು. ಒಂಬತ್ತನೆಯದಕ್ಕೆ ಕಟ್ಟಿಯವರ ಬಲಗೈ ತಾನೇ ಮೇಲೆದ್ದು ಎದೆಯ ಮೇಲೆ ಸೆರಗಿಗಾಗಿ ತಡಕಾಡಿತು. ಸೆರಗು ಸಿಗಲಿಲ್ಲ. ಸಿಕ್ಕಿದ್ದು ಟೈ. ಅದನ್ನೇ ಹಿಡಿದೆಳೆದು ಎಡಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿತು!

“ಏನಿದು?! ನನ್ನ ಕೈ ನನ್ನ ಮಾತ ಕೇಳವಲ್ದು!”

“ಅದೇ ಸಾರ್ ಇದರ ವಿಶೇಷ,” ಎಂದರು ತ್ರಿಲೋಚನಪ್ಪ.

ಹದಿನೇಳಕ್ಕೆ ಯಂತ್ರ ನಿಂತಿತು. “ಪ್ರಯೋಗಕಾರರು ವಾಕ್ಯವನ್ನು ಹೇಳತಕ್ಕದ್ದು,” ಎಂದಿತು ಸ್ಪೀಕರು. ಕಟ್ಟಿ ಚೀಟಿ ನೋಡಿದರು, ತ್ರಿಲೋಚನಪ್ಪನವರ ಮುಖ ನೋಡಿದರು, ಕೊನೆಗೆ ಬೇರೆ ದಾರಿ ಕಾಣದೆ, “ತಿಪ್ಪಮ್ಮಾ, ಈ ಪಾತ್ರೆ ತೊಳ್ದಿದ್ದೋ, ನೀರು ತೋರ್ಸಿದ್ದೋ?” ಎಂದು ಓದಿದರು.

ಅಷ್ಟು ದೊಡ್ಡ ಮನುಷ್ಯರು ಹೆಸರು ಹಿಡಿದು ಕರೆದಿದ್ದಕ್ಕೆ ತಿಪ್ಪಮ್ಮ ನಾಚಿ ನೀರಾದಳು. “ಚೆಂದಾಗಿ ತೊಳ್ದೀನ್ರೀ ಸಾಹೇಬ್ರೆ. ಸೀಗೆಪುಡಿ ಹಾಕಿ ಉಜ್ಜೀನಿ,” ಎಂದಳು.

“ದೋಷ. ದಯವಿಟ್ಟು ಮೊದಲನೇ ಹಂತದಿಂದ,” ಎಂದಿತು ಕ್ರಮೇಶ್ವರಿ. ಕಟ್ಟಿಯವರ ಕೈಗಳೇ ಹಾಲಿನ ಪಾತ್ರೆ ಎತ್ತಿ ಕಿಟಕಿಯಾಚೆ ಸುರಿದುಬಂದವು.

“ಬೈಯೇ ತಿಪ್ಪಮ್ಮ! ಸೋಮವಾರ ಬೈದ ಹಾಗೆ ಬೈ!” ಎಂದು ತ್ರಿಲೋಚನಪ್ಪ ಗೋಗರೆದರು.

“ಅಯ್ಯಯ್ಯೋ! ಅಂಥೋರ್ನ ಹೆಂಗ್ ಬೈಲಿ ಸಾ? ನನ್ನ ನಾಲಿಗೆಗೆ ಹುಳ ಬೀಳಲ್ವಾ?”

“ಬೈಯವಾ ನಮ್ಮವ್ವ,” ಎಂದರು ಕಟ್ಟಿ, ಟೈ ಎರಡನೇ ಸಲ ಸೊಂಟಕ್ಕೆ ಹೋಗುತ್ತಿದ್ದಂತೆ. “ನಾನ ಹೇಳಾಕತ್ತೇನಲ್ಲ, ಬೈ!”

ತಿಪ್ಪಮ್ಮ ಕಣ್ಣು ಮುಚ್ಚಿಕೊಂಡು ಬೈದಳು. ಒಂದು ಸಲ ಬೈದ ಮೇಲೆ ಭಯ ಹೋಯಿತು. ಹಾಗೆ ನೋಡಿದರೆ ಅವತ್ತು ಅತಿ ಹೆಚ್ಚು ಸುಖಪಟ್ಟವಳು ಅವಳೇ.

ಆಮೇಲೆ ಸೊಳ್ಳೆ ಬಂತು, ಅಂದರೆ ಬರಲಿಲ್ಲ. ಬಾರದ ಸೊಳ್ಳೆಗೆ ಕಟ್ಟಿಯವರು ತಮ್ಮ ಕತ್ತಿಗೆ ತಾವೇ ಛಟೀರೆಂದು ಬಾರಿಸಿಕೊಂಡರು. ಮೂವತ್ತೊಂದರಲ್ಲಿ ಅವರ ಕೈ ಕಾತ್ಯಾಯಿನಿಯ ಫೋನನ್ನು ಎತ್ತಿಕೊಂಡು ಅವಳ ಅತ್ತೆ ರುದ್ರಾಣಮ್ಮನ ನಂಬರು ಒತ್ತಿತು.

“ಅತ್ತೆ,” ಎಂದು ಕಟ್ಟಿ ಗಂಟಲು ಸರಿಮಾಡಿಕೊಂಡರು, “ಕುಕ್ಕರ್ ಮೂರು ಕೂಗಿದ ಮ್ಯಾಲೆ ಆರಸ್ರಿ.”

“ಯಾವನಯ್ಯಾ ನೀನು?” ಎಂದು ಆ ಕಡೆಯಿಂದ ರುದ್ರಾಣಮ್ಮ ಗುಡುಗಿದ್ದು ಇಡೀ ಕೋಣೆಗೆ ಕೇಳಿಸಿತು. “ನನ್ನ ಸೊಸೆ ಫೋನು ನಿನ್ನ ಕೈಗೆ ಹೆಂಗೆ ಬಂತು? ನನ್ನ ಕುಕ್ಕರ್ ವಿಚಾರ ನಿನಗ್ಯಾಕೆ?”

“ದೋಷ. ಉಚ್ಚಾರಣೆ ಪ್ರಮಾಣಿತವಲ್ಲ. ಮೊದಲನೇ ಹಂತದಿಂದ.”

“ನಾ ಹುಟ್ಟಿದಾಗಿಂದ ಧಾರವಾಡದಾಂವ!” ಎಂದು ಕಟ್ಟಿ ಕೂಗಾಡಿದರು. “ಉಚ್ಚಾರಣಿ ಈಗೆಲ್ಲಿಂದ ಬದಲ ಮಾಡ್ಲಿ?”

ಹಾಲು ಕಿಟಕಿಯಾಚೆ ಹೋಯಿತು. ಹೊರಗೆ ಎರಡು ಬೆಕ್ಕು ಬಂದು ಕೂತಿದ್ದವು.

ಮೂರನೇ ಸಲ ತಿಪ್ಪಮ್ಮನ ಬೈಗುಳ ಪಾಸಾಯಿತು, ಸೊಳ್ಳೆ ಪಾಸಾಯಿತು, “ಆರಿಸಿ” ಕೂಡ ಪಾಸಾಯಿತು. ಥರ್ಮಾಮೀಟರ್ ನಲವತ್ತೆರಡು ತೋರಿಸಿತು. ಕಟ್ಟಿಯವರ ಎಡಗೈ ಮೇಲೆದ್ದು, ಕಿರುಬೆರಳು ಚಾಚಿಕೊಂಡು, ಹಾಲಿನ ಕಡೆ ಇಳಿಯತೊಡಗಿತು. ಕಾತ್ಯಾಯಿನಿ ಕಂಗಾಲಾದಳು. ಈ ಮನುಷ್ಯ ಈಗ ಬೆರಳು ಅದ್ದುತ್ತಾನೆ. ‘ಈ ಹಂತ ಪ್ರಬಂಧದಾಗ ಎಲ್ಲದ?’ ಎಂದು ಕೇಳುತ್ತಾನೆ. ಹನ್ನೆರಡನೇ ಪ್ರಬಂಧ ನನ್ನದು!

“ಸಾರ್, ಜಿರಳೆ!” ಎಂದು ಕಿರುಚಿ ಪಾತ್ರೆಯನ್ನು ಕಸಿದುಕೊಂಡಳು. ಬೆರಳು ಗಾಳಿಯಲ್ಲಿ ಅದ್ದಿತು.

“ದೋಷ. ಮೊದಲನೇ ಹಂತದಿಂದ.”

ನಾಲ್ಕನೇ ಸಲ ಫೋನಿನಲ್ಲಿ ರುದ್ರಾಣಮ್ಮನ ದನಿ ಬದಲಾಗಿತ್ತು. “ಮತ್ತೆ ನೀನೇನಾ? ಕುಕ್ಕರ್ ಆಗ್ಲೇ ಆರ್ಸಿದೀನಿ ಕಣಪ್ಪಾ. ಪಾಪ, ಬೆಳಗಿಂದ ನಮ್ಮನೆ ಬೇಳೆ ಚಿಂತೇಲೇ ಇದೀಯಲ್ಲ, ನೀನು ಏನಾದ್ರೂ ತಿಂದ್ಯಾ?”

ಬೆಳಗಿನಿಂದ ಆ ಕೇಂದ್ರದಲ್ಲಿ ಕಟ್ಟಿಯವರನ್ನು ಒಬ್ಬರೂ ಹಾಗೆ ಕೇಳಿರಲಿಲ್ಲ. “ಎಲ್ಲಿ ತಿನ್ನೂದ್ರಿ ಅತ್ತಿ, ಕೈ ನನ್ನ ವಶದಾಗ ಇಲ್ಲ,” ಎಂದುಬಿಟ್ಟರು.

“ದೋಷ!”

ಐದನೇ ಸಲ ಬೆರಳು ಇಳಿಯುವ ಹೊತ್ತಿಗೆ ಕಾತ್ಯಾಯಿನಿ ಹಿಂದಿನಿಂದ ನುಸುಳಿ ಪ್ಲಗ್ಗನ್ನೇ ಕಿತ್ತಳು. ಕ್ರಮೇಶ್ವರಿಯ ಹೊಟ್ಟೆಯಲ್ಲಿ ಬ್ಯಾಟರಿ ಇತ್ತು. “ಅಡಚಣೆ ಪತ್ತೆಯಾಗಿದೆ. ಮೊದಲನೇ ಹಂತದಿಂದ,” ಎಂದಿತು, ಒಂದು ಚೂರೂ ಬೇಸರವಿಲ್ಲದ ದನಿಯಲ್ಲಿ. ಕಿಟಕಿಯಾಚೆ ಒಂಬತ್ತು ಬೆಕ್ಕು, ಒಂದು ನಾಯಿ.

ಹನ್ನೊಂದೂವರೆಗೆ ಆರನೇ ಸಲ. ಟೈ ಸುರುಟಿ ಹಗ್ಗವಾಗಿತ್ತು. ಕತ್ತು ಕೆಂಪಗೆ ಬಾತಿತ್ತು. ತಿಪ್ಪಮ್ಮ ಬೈದಾಗ ಕಟ್ಟಿಯವರು “ಖರೇ ಅವ್ವಾ, ಹೂವಽ ಬಿದ್ದದ” ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಂತೆ ತಲೆಯಾಡಿಸಿದರು. ಅವರ ಕಣ್ಣಂಚಿನಲ್ಲಿ ನೀರಿತ್ತು. ಎಡಗೈ ಮೇಲೆದ್ದಿತು. ಅವರು ಆ ಬೆರಳನ್ನಲ್ಲ, ಕಾತ್ಯಾಯಿನಿಯನ್ನು ನೋಡಿದರು.

“ತಂಗಿ,” ಎಂದರು ಮೆಲ್ಲಗೆ, “ಪ್ರತಿ ಸಲ ಇಲ್ಲೇ ಬಂದು ಯಾಕ ತಡೀತೀ?”

ಕಾತ್ಯಾಯಿನಿಗೆ ತಡೆಯಲಾಗಲಿಲ್ಲ. ನಾಚಿಕೆ, ಭಯ, ಕನಿಕರ ಎಲ್ಲಾ ಒಟ್ಟಿಗೇ ಉಕ್ಕಿತು.

“ಪುಡಿ ಅಲ್ಲ ಸಾರ್! ನನ್ನ ಬೆರಳು! ಒಂಬತ್ತು ವರ್ಷದಿಂದ ಬೆರಳು ಅದ್ದಿ ನೋಡ್ತೀನಿ, ಒಂದು ದಿನಾನೂ ಬರೆದಿಲ್ಲ. ಬೆರಳಿಗೆ ಪಟ್ಟಿ ಕಟ್ಟಿದಾಗ ಹತ್ತು ದಿನ ಮೊಸರೇ ಆಗಲಿಲ್ಲ. ಕರೆಂಟ್ ಇಲ್ಲ ಅಂತ ಸುಳ್ಳು ಬರೆದೆ. ಫೇಲ್ ಮಾಡಿಬಿಡಿ ಸಾರ್, ನೀವು ಹೀಗೆ ಕತ್ತಿಗೆ ಹೊಡ್ಕೊಳ್ಳೋದು ನನಗೆ ನೋಡಕ್ಕಾಗ್ತಿಲ್ಲ!”

“ಬೆರಳಾ?!” ತ್ರಿಲೋಚನಪ್ಪ ಕುರ್ಚಿಗೆ ಕುಸಿದರು. “ನಲವತ್ತೆರಡು ಡಿಗ್ರಿ, ಏಳನೇ ನಂಬರು ಅಂತ ಮೂರು ಸಮ್ಮೇಳನದಲ್ಲಿ ಎದೆ ತಟ್ಟಿ ಹೇಳಿದೀನಲ್ಲೇ! ಚಪ್ಪಾಳೆ ಹೊಡೆದಿದಾರೆ!”

“ಸಾ, ಇದ್ಕೆ ಕೈಗುಣ ಅಂತಾರೆ,” ಎಂದಳು ತಿಪ್ಪಮ್ಮ. “ನಮ್ಮ ಕೇರೀಲಿ ಕೂಸಿಗೂ ಗೊತ್ತು. ನೀವು ನನ್ನ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಕಟ್ಟಿಯವರು ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ನಿಟ್ಟುಸಿರು ಬಿಟ್ಟರು. “ನಲವತ್ತು ವರ್ಷ ಪ್ರಬಂಧ ಓದೇನಿ. ಎಲ್ಲಾರೂ ಎಲ್ಲೋ ಒಂದು ಕಡೆ ಬೆರಳು ಅದ್ದಿರತಾರ. ಬರ್ಯೂದಿಲ್ಲ, ಅಷ್ಟ. ಬಂದು ಬಾಯಿಬಿಟ್ಟು ಹೇಳಿದಾಕಿ ನೀ ಮೊದಲನೇಕಿ.” ಆಮೇಲೆ ಹಣೆಯ ಗಂಟು ಮತ್ತೆ ಬಂತು. “ಆದರ ನೀ ಹೇಳಿದಿ ಅಂತ ನಾ ನಂಬೂದಿಲ್ಲ. ಮೂರು ಬಟ್ಟಲು ತರ್ರಿ. ಒಂದರಾಗ ಬರೇ ಪುಡಿ. ಒಂದರಾಗ ಪುಡಿ, ನನ್ನ ಬೆರಳು. ಇನ್ನೊಂದರಾಗ ಪುಡಿ, ನಿನ್ನ ಬೆರಳು.”

ಎನ್ನುತ್ತಿದ್ದಂತೆ ಅವರ ಕಿರುಬೆರಳು ಹಾಲಿಗಿಳಿಯಿತು. ಒಂದೂವರೆ ಸೆಕೆಂಡು. ಈ ಸಲ ಯಾರೂ ತಡೆಯಲಿಲ್ಲ.

*

ಹೆಪ್ಪುಗಟ್ಟಲು ನಾಲ್ಕು ಗಂಟೆ. ಸೋಮವಾರ ಆ ನಾಲ್ಕು ಗಂಟೆಯಲ್ಲಿ ಕಾತ್ಯಾಯಿನಿ ಏನೇನು ಮಾಡಿದ್ದಳೋ ಅದೆಲ್ಲಾ ಕಟ್ಟಿಯವರಿಗೆ ಬಂತು. ಅವಳ ಡಬ್ಬಿಯ ಚಿತ್ರಾನ್ನ ತಿಂದರು, ಕಡಲೆಬೀಜ ಮಾತ್ರ ಆರಿಸಿ ಮುಚ್ಚಳದ ಮೇಲಿಟ್ಟರು. ಮೂವತ್ತೆರಡು ಉತ್ತರಪತ್ರಿಕೆ ತಿದ್ದಿದರು. ಅರವತ್ತೆಂಟನೆಯದು, ಎಡಗೈ ಮೇಲೆ ಕೆನ್ನೆಯಿಟ್ಟು ಹನ್ನೊಂದು ನಿಮಿಷ ತೂಕಡಿಸುವುದು. ಅದೊಂದು ಮಾತ್ರ ಮೊದಲ ಪ್ರಯತ್ನದಲ್ಲೇ ಪಾಸು. ಗೊರಕೆ ಕೂಡ ಮಿತಿಯೊಳಗೇ ಇತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಟ್ಟಲು ತೆರೆದರು. ಬರೀ ಪುಡಿ ಹಾಕಿ ತ್ರಿಲೋಚನಪ್ಪನವರು ಸ್ವತಃ ನಲವತ್ತೆರಡಕ್ಕೆ ಬಿಸಿ ಹಿಡಿದಿಟ್ಟ ಮೊದಲನೇ ಬಟ್ಟಲಿನಲ್ಲಿ ಹಾಲು ಹಾಲಾಗಿಯೇ ಇತ್ತು. ತ್ರಿಲೋಚನಪ್ಪ ಅದನ್ನೇ ಎರಡು ನಿಮಿಷ ನೋಡಿ, ಕಾಫಿಗಾದರೂ ಆಗುತ್ತದೆ ಎಂದರು.

ಎರಡನೆಯದು ಕಟ್ಟಿಯವರ ಬೆರಳಿನದು. ಎಪ್ಪತ್ತೈದನೇ ಹಂತದ ಪ್ರಕಾರ ಅವರ ಕೈಗಳು ಅದನ್ನು ಬೋರಲು ಹಾಕಿದವು. ಒಳಗಿದ್ದದ್ದು ಅಂಟು ಅಂಟಾಗಿ, ಎಳೆ ಎಳೆಯಾಗಿ, ಮೊಳದುದ್ದ ಇಳಿದು ಅವರ ಬೂಟಿನ ಮೇಲೆ ಮಲಗಿತು. ನಶ್ಯದ ವಾಸನೆ ಬಂತು. ಬೆಕ್ಕುಗಳು ಒಂದೊಂದಾಗಿ ಎದ್ದುಹೋದವು.

“ದೋಷ. ದಯವಿಟ್ಟು ಮೊದಲನೇ ಹಂತದಿಂದ.”

“ಏ, ನನ್ನ ರೈಲು! ಏ ತ್ರಿಲೋಚನಪ್ಪ, ಬಿಡಸೋ! ನಿನ್ನ ಕಾಲು ಬೀಳತೇನಿ! ಇಲ್ಲಾಂದ್ರ ನಾಳೆ ಮುಂಜಾನೆ ತನಕ ನಾ ಇದರ ಸೊಸೀ ಆಗಿ ಇರಬೇಕಾಗತದ!”

ತ್ರಿಲೋಚನಪ್ಪ ಸ್ಕ್ರೂಡ್ರೈವರ್ ಹುಡುಕಲು ಓಡಿ, ಯಾವ ಜಾಗದಲ್ಲಿ ಏನಿಡಬೇಕೆಂಬುದಕ್ಕೆ ಕ್ರಮವೇ ಇಲ್ಲದ ತಮ್ಮ ಕಪಾಟಿನ ಮುಂದೆ ನಿಂತು ತಲೆ ಚಚ್ಚಿಕೊಂಡರು. ಕಟ್ಟಿಯವರ ಕೈ ಆಗಲೇ ಟೈ ಕಡೆ ಹೊರಟಿತ್ತು. ಕಾತ್ಯಾಯಿನಿ ಮೂರನೇ ಬಟ್ಟಲನ್ನು, ತನ್ನ ಬೆರಳಿನ ಬಟ್ಟಲನ್ನು, ಆ ಕೈಗೆ ತುರುಕಿದಳು. ಕ್ರಮೇಶ್ವರಿ ಒಂದು ಗಳಿಗೆ ತಡೆದು ಎಪ್ಪತ್ತೈದಕ್ಕೆ ಮರಳಿತು. ಬಟ್ಟಲು ಬೋರಲಾಯಿತು. ಒಂದು, ಎರಡು, ಮೂರು... ಹತ್ತರವರೆಗೆ ಎಣಿಸಿದರೂ ಒಂದು ತೊಟ್ಟು ಬೀಳಲಿಲ್ಲ.

“ಸರಿ!” ಎಂದಿತು ಯಂತ್ರ. ಬೀಗ ಬಿಚ್ಚಿತು. ಕಟ್ಟಿಯವರು ಎರಡು ಕೈಯನ್ನೂ ಎದೆಗವಚಿಕೊಂಡು ಗೋಡೆಗೆ ಆನಿಕೊಂಡರು.

ಆದರೆ ಖಾಲಿ ಕೈಗವಸುಗಳು ಸುಮ್ಮನಾಗಲಿಲ್ಲ. “ಪ್ರಯೋಗಕಾರ ಪ್ರಮಾಣಿತವಲ್ಲ. ಪುಡಿ ಪ್ರಮಾಣಿತವಲ್ಲ. ಬೆರಳು ಪ್ರಮಾಣಿತ,” ಎನ್ನುತ್ತಾ ಅವು ಮೇಜಿನ ಮೇಲೆ ತೆವಳಿದವು. ತ್ರಿಲೋಚನಪ್ಪನವರ ಬೆರಳು ಮುಟ್ಟಿ ಬಿಟ್ಟವು. ತಿಪ್ಪಮ್ಮನ ಬೆರಳು ಮುಟ್ಟಿ, ಅವಳು ಪೊರಕೆ ಎತ್ತಿದ ಮೇಲೆ ಬಿಟ್ಟವು. ಕಾತ್ಯಾಯಿನಿಯ ಎಡಗೈ ಕಿರುಬೆರಳು ಸಿಕ್ಕಿದ್ದೇ ಗಪ್ಪನೆ ಹಿಡಿದು ಎಳೆದುಕೊಂಡವು! ಅವಳು ಚೀರುವಷ್ಟರಲ್ಲಿ, ಸಂತೆಯ ತೂಕದ ಕಲ್ಲಿಗೆ ಸರ್ಕಾರದವರು ಹೊಡೆಯುವಂಥ ಒಂದು ನೀಲಿ ಮುದ್ರೆ ಆ ಬೆರಳ ಮೇಲೆ ಬಿತ್ತು. ಪ್ರಿಂಟರು ಒಂದು ಸಾಲಿನ ಚೀಟಿ ಉಗುಳಿತು: “ಪ್ರಮಾಣಿತ ಸಾಧನ, ಸಂಖ್ಯೆ ಒಂದು. ಬದಲಾಯಿಸತಕ್ಕದ್ದಲ್ಲ.”

ಕಟ್ಟಿಯವರು ಚೀಟಿಯನ್ನು ಎರಡು ಸಲ ಓದಿದರು. ಪೆನ್ನು ತೆಗೆದರು. ಕೈ ತಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಲು ಒಮ್ಮೆ ಗಾಳಿಯಲ್ಲಿ ಗೀಚಿ ನೋಡಿ, ಆಮೇಲೆ ವರದಿಯಲ್ಲಿ ಬರೆದರು: ಫಲಿತಾಂಶವು ಪರೀಕ್ಷಕರ ಎದುರಿನಲ್ಲಿ ಪುನರಾವರ್ತನೆಯಾಗಿದೆ, ಕಾರಣವನ್ನು ಅಭ್ಯರ್ಥಿಯೇ ಪತ್ತೆಹಚ್ಚಿದ್ದಾರೆ, ಪ್ರಬಂಧದಿಂದ ‘ಯಾರ ಕೈಯಲ್ಲಾಗಲಿ’ ಎಂಬುದನ್ನು ತೆಗೆದು, ಬೆರಳನ್ನು ಸೇರಿಸಿ, ಸುಳ್ಳು ಬರೆದ ಹತ್ತು ದಿನಗಳನ್ನು ತಿದ್ದತಕ್ಕದ್ದು, ಪದವಿ ಕೊಡಬಹುದು.

“ಇನ್ನೂರ ಹನ್ನೆರಡು ಪುಟಾನೂ ಮತ್ತೆ ಬರೀಬೇಕಾ ಸಾರ್?” ಎಂದಳು ಕಾತ್ಯಾಯಿನಿ, ಅಳುತ್ತಾ, ನಗುತ್ತಾ.

“ಮೊದಲನೇ ಹಂತದಿಂದ,” ಎಂದು ಕಟ್ಟಿಯವರು ರೈಲಿಗೆ ಓಡಿದರು.

ಕಾತ್ಯಾಯಿನಿ ಈಗ ಡಾಕ್ಟರ್ ಕಾತ್ಯಾಯಿನಿ. ಅವಳ ಕಿರುಬೆರಳನ್ನು ಕೇಂದ್ರದ ದಾಸ್ತಾನು ಪುಸ್ತಕದಲ್ಲಿ, ಬೀಕರು ಮತ್ತು ಬರ್ನರುಗಳ ನಡುವೆ, ಉಪಕರಣ ಎಂದು ದಾಖಲಿಸಿಕೊಂಡಿದ್ದಾರೆ. ಉಪ್ಪಿನಕಾಯಿ ಕಲಸುವಂತಿಲ್ಲ, ಸೋಪು ಬದಲಿಸುವಂತಿಲ್ಲ, ವರ್ಷಕ್ಕೊಮ್ಮೆ ತಪಾಸಣೆ. ಅದನ್ನು ಆವರಣದಿಂದ ಹೊರಗೆ ಒಯ್ಯಬೇಕಾದರೆ ನಿರ್ದೇಶಕರ ಸಹಿಯಿರುವ ಗೇಟ್ ಪಾಸ್ ಬೇಕು. ಉಳಿದ ಕಾತ್ಯಾಯಿನಿ ಯಾವಾಗ ಬೇಕಾದರೂ ಮನೆಗೆ ಹೋಗಬಹುದು.